ಜಾರೋ ಬಂಡೆ ಎಲ್ಲೈತ್ರಿ?

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಜಗಳೂರಿನಿಂದ ಹೊರಟು ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸುತ್ತಿ ಬಂದೆ ಅಂದರೆ ಜನ ಕೇಳುವುದು ಎರಡೇ: ಯಾವ ದೇವರ ಹರಕೆ ಇತ್ತು, ಯಾರ ಮನೆ ಮದುವೆ ಇತ್ತು? ಎರಡೂ ಅಲ್ಲ. ನಾನು ಹೋದದ್ದು ಒಂದು ಒಳ್ಳೆಯ ಜಾರುಬಂಡೆ ಹುಡುಕಿಕೊಂಡು. ಅರವತ್ತು ದಾಟಿದ ಹೆಂಗಸಿಗೆ ಇದೆಂಥ ಹುಚ್ಚು ಅಂತ ನಗಬೇಡಿ. ಜೊತೆಗೆ ಮೊಮ್ಮಗಳು ಸಿರಿ ಇದ್ದಳು. ಬೇಕಾಗಿದ್ದದ್ದು ಅವಳಿಗೆ.

ಸಿರಿಗೆ ಏಳು ವರ್ಷ. ನನ್ನ ಮಗಳು ಇರುವ ಊರಿನ ಹೆಸರು ಹೇಳುವುದಿಲ್ಲ, ಅಲ್ಲಿನವರಿಗೆ ಬೇಜಾರಾದೀತು. ಆ ಊರಿನ ಪಾರ್ಕಿನಲ್ಲಿ ಜಾರುಬಂಡೆಯ ತಗಡು ತುಕ್ಕು ಹಿಡಿದು, ಮಗು ಮೇಲೆ ಕೂತಾಗಲೇ ಕಿತ್ತು ಬಂತು. ಕೈ ಮುರಿಯಿತು. ಮೂಳೆ ಕೂಡಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಆಮೇಲಿನಿಂದ ಅವಳು ಏನನ್ನೂ ಹತ್ತುವುದಿಲ್ಲ. ಬಸ್ಸಿಗೂ ಎತ್ತಿಯೇ ಹತ್ತಿಸಬೇಕು. ಅವಳ ಶಾಲೆಯಲ್ಲಿ ಎರಡನೇ ಕ್ಲಾಸು ಮಹಡಿಯ ಮೇಲೆ, ಹೋಗಲು ಇರುವುದು ಹೊರಗಿನ ಕಬ್ಬಿಣದ ಮೆಟ್ಟಿಲು. "ಜೂನ್‌ನೊಳಗೆ ಹೆದರಿಕೆ ಬಿಡಿಸಿಕೊಂಡು ಬನ್ನಿ, ಇಲ್ಲದಿದ್ದರೆ ಈ ವರ್ಷವೂ ಕೆಳಗಿನ ಕ್ಲಾಸಿನಲ್ಲೇ ಕೂರಲಿ" ಎಂದು ಶಾಲೆಯವರು ಹೇಳಿದ್ದರಂತೆ. ಓದುವ ಮಗು, ಒಂದು ಮೆಟ್ಟಿಲಿಗಾಗಿ ಹಿಂದೆ ಬೀಳಬೇಕೇ? ರಜೆಗೆ ಅವಳನ್ನು ನನ್ನ ಮನೆಗೆ ಕರೆಸಿಕೊಂಡೆ. ಜಾರುಬಂಡೆಯಿಂದ ಬಂದ ಹೆದರಿಕೆ ಜಾರುಬಂಡೆಯಿಂದಲೇ ಹೋಗಬೇಕು ಅಂತ ನನ್ನ ಲೆಕ್ಕ.

ಬೆಳಿಗ್ಗೆಯ ಬಸ್ಸಿಗೆ ಹೊರಟೆವು. ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ಸೆರಗಿನಲ್ಲೇ ಇತ್ತು. ದಾವಣಗೆರೆಯಲ್ಲಿ ಇಳಿದು ಬೆಣ್ಣೆದೋಸೆ ತಿಂದು ಹೊನ್ನಾಳಿ ಬಸ್ಸು ಹಿಡಿದೆವು. ನಮ್ಮ ಕಡೆಯ ಒಣ ಹೊಲಗಳು ಹಿಂದೆ ಸರಿದು, ಭದ್ರಾ ಕಾಲುವೆಯ ನೀರು ಕಂಡ ಗದ್ದೆಗಳು ಶುರುವಾದವು. ಸಿರಿ ಕಿಟಕಿಯಲ್ಲಿ ಮುಖ ಇಟ್ಟು, "ಅಜ್ಜಿ, ನಿಮ್ಮೂರಿಗೆ ಯಾಕೆ ಈ ಬಣ್ಣ ಹಚ್ಚಿಲ್ಲ?" ಎಂದಳು. ಈ ಪ್ರಶ್ನೆಯನ್ನು ಎಲೆಕ್ಷನ್ನಿಗೆ ಬಂದವರನ್ನು ಕೇಳು ಎಂದೆ.

ಹೊನ್ನಾಳಿಯಲ್ಲಿ ನನ್ನ ತಂಗಿ ಗಿರಿಜಾಳ ಮನೆ. ಕೂರಲು ಪ್ಲಾಸ್ಟಿಕ್ ಕುರ್ಚಿ ಕೊಟ್ಟಳು. ಸಿರಿ ಅದನ್ನು ಒಮ್ಮೆ ನೋಡಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ನೋಡಕ್ಕ, ಎಷ್ಟು ಶಿಸ್ತು! ನಮ್ಮವು ಸೋಫಾ ಬಿಟ್ಟು ಇಳಿಯಂಗಿಲ್ಲ" ಎಂದು ಗಿರಿಜಾ ಹೊಗಳಿದಳು. ನಾನೂ ಉಬ್ಬಿದೆ.

ಬಿಸಿಲು ತಗ್ಗಿದ ಮೇಲೆ ಮೂವರೂ ಪಾರ್ಕಿಗೆ ಹೋದೆವು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಗುಡಿಸಿದ ನೆಲ, ಬೇವಿನ ನೆರಳು, ಹೊಳೆಯ ಕಡೆಯಿಂದ ಗಾಳಿ. ಜಾರುಬಂಡೆ ಮಾತ್ರ ಕಾದ ಹಂಚಾಗಿತ್ತು. ಒಬ್ಬ ತಾಯಿ ಯಾರೂ ಹೇಳದೆಯೇ ತನ್ನ ಬಾಟಲಿಯ ನೀರನ್ನೆಲ್ಲ ಅದರ ಮೇಲೆ ಸುರಿದು, "ಬರ್ರಿ, ಎಲ್ಲರ ಮಕ್ಕಳೂ ಬರ್ರಿ, ತಣ್ಣಗಾತು" ಎಂದು ಕೂಗಿದಳು. ಇಂಥವರಿಂದಲೇ ಲೋಕ ನಡೆಯುತ್ತದೆ. ಮಕ್ಕಳು ಏರಿಳಿದು ಆಡುವ ಏತದ ಮೇಲೆ ಮಾತ್ರ ಇಬ್ಬರು ಗಂಡಸರು, ಆ ಕಡೆ ಒಬ್ಬ ಈ ಕಡೆ ಒಬ್ಬ, ಮೊಬೈಲ್ ನೋಡುತ್ತ ಕೂತಿದ್ದರು. "ಹುಟ್ಟಿದ್ದು ಯಾವಾಗ್ರಿ, ಇವತ್ತೇನು?" ಎಂದು ಕೇಳಿದೆ. ಎದ್ದು ಹೋದರು.

ಸಿರಿ ಹತ್ತಲಿಲ್ಲ. ಜಾರುಬಂಡೆಯ ಸುತ್ತ ಒಂದು ಸುತ್ತು ಹಾಕಿ, ಅದರ ಕಂಬ ಹೂತ ಜಾಗ ಬಗ್ಗಿ ನೋಡಿ, ವಾಪಸ್ ಬಂದು ನನ್ನ ಪಕ್ಕ ನಿಂತಳು. "ಬಿದ್ದಿದ್ದು ಇನ್ನೂ ನೆನಪೈತೇನವ್ವಾ?" ಎಂದು ಗಿರಿಜಾ ಕೇಳಿದಳು.

"ನಾನು ಬೀಳಲಿಲ್ಲ" ಎಂದಳು ಸಿರಿ.

ಈ ಮಾತು ನಮಗೆ ಹೊಸದಲ್ಲ. ಆಸ್ಪತ್ರೆಯಲ್ಲೂ ಇದನ್ನೇ ಹೇಳಿದ್ದಳು. ಅವಳಪ್ಪ ಅವತ್ತೇ "ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾಳೆ ನೋಡಿ" ಎಂದು ನಗಿಸಿದ್ದ. ಅಲ್ಲಿಂದ ಅದು ಮನೆಯ ಮಾತಾಗಿತ್ತು. ಗಿರಿಜಾಳೂ ಅದನ್ನೇ ಹೇಳಿ, ಇಲ್ಲದ ಮೀಸೆಯನ್ನು ತಿರುವಿ ತೋರಿಸಿದಳು. ನಾವಿಬ್ಬರೂ ನಕ್ಕೆವು. ಸಿರಿ ನಗಲಿಲ್ಲ.

ಮಾರನೆಯ ದಿನ ನ್ಯಾಮತಿ. ಹೊನ್ನಾಳಿಯಿಂದ ಅರ್ಧ ತಾಸಿನ ದಾರಿ ಅಷ್ಟೆ. ಬಸ್ಸಿನ ತುಂಬ ಸೂರಗೊಂಡನಕೊಪ್ಪದ ಗುಡಿಗೆ ಹೊರಟ ಲಂಬಾಣಿ ಮಂದಿ. ಒಬ್ಬ ಅಜ್ಜಿ ಸಿರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೊಬ್ಬರಿ ಚೂರು ಕೊಟ್ಟಳು. ಊರಲ್ಲಿ ಇಳಿದು ಪಾರ್ಕು ಕೇಳಿದರೆ ಎಲ್ಲರೂ ಒಂದು ಸರ್ಕಾರಿ ಶಾಲೆಯ ಕಡೆ ಕೈ ತೋರಿಸಿದರು. ರಜೆಯಾದರೂ ಗೇಟು ತೆಗೆದಿತ್ತು. ಬಿಸಿಯೂಟ ಮಾಡುವ ಶಾಂತಮ್ಮ ಎಂಬಾಕೆ ಗಿಡಗಳಿಗೆ ನೀರು ಹಾಕಲು ಬಂದಿದ್ದಳು. "ಮಕ್ಕಳು ಆಡಾಕೆ ಬರ್ತಾವಲ್ಲರೀ, ಗೇಟ್ ಹಾಕಿದ್ರೆ ಕಂಪೌಂಡ್ ಹಾರ್ತಾವೆ" ಎಂದಳು.

ಅಲ್ಲಿ ಲಾರಿಯ ಹಳೆಯ ಟೈರುಗಳಿಗೆ ಬಣ್ಣ ಬಳಿದು ಅರ್ಧ ಹೂತು ಸಾಲಾಗಿ ನಿಲ್ಲಿಸಿದ್ದರು. ನಾನು ಶಾಂತಮ್ಮನ ಜೊತೆ ಮಾತಾಡುತ್ತ ತಿರುಗಿ ನೋಡುತ್ತೇನೆ, ಸಿರಿ ಟೈರಿನಿಂದ ಟೈರಿಗೆ ದಾಟುತ್ತಿದ್ದಾಳೆ! ಎರಡು ಕೈ ಚಾಚಿಕೊಂಡು, ನಾಲಿಗೆ ಹೊರಗೆ ಹಾಕಿಕೊಂಡು. ನನಗೆ ಖುಷಿಯೋ ಖುಷಿ. ಹೆದರಿಕೆ ಹೋಯಿತು ಅಂತ ಪಕ್ಕದಲ್ಲಿದ್ದ ಕಬ್ಬಿಣದ ಏಣಿಯ ಹತ್ತಿರ ಕರೆದೆ. ಕೂಡಲೇ ಕೈ ಹಿಂದಕ್ಕೆ ಕಟ್ಟಿಕೊಂಡಳು. ಟೈರು ಆಗುತ್ತದೆ, ಏಣಿ ಆಗುವುದಿಲ್ಲ. ಇದೆಂಥ ಹೆದರಿಕೆಯಪ್ಪಾ ಅಂತ ತಲೆ ಕೆರೆದುಕೊಂಡೆ.

ನನ್ನ ಕಥೆಯೆಲ್ಲ ಕೇಳಿದ ಶಾಂತಮ್ಮ ಕೊಡ ಕೆಳಗಿಟ್ಟಳು. "ಒಳ್ಳೆ ಜಾರೋ ಬಂಡೆ ಬೇಕಂದ್ರೆ ಚನ್ನಗಿರಿಗೆ ಹೋಗ್ರಿ. ನನ್ನ ತವರು. ಕೋಟೆ ಗುಡ್ಡದ ಹಿಂದ್ಲಾಗೆ ಐತೆ. ಅಂಥಾದ್ದು ಬ್ಯಾರೆ ಎಲ್ಲೂ ಇಲ್ಲ, ನಮ್ಮವ್ವ ಜಾರಿದ್ದೂ ಅದರ ಮ್ಯಾಲೇ."

ಅವರವ್ವನ ಕಾಲದಿಂದ ಇರುವ ಪಾರ್ಕು! ಹಳೆಯ ಕಾಲದ ಗಟ್ಟಿ ಕಬ್ಬಿಣವೇ ಇರಬೇಕು ಅಂದುಕೊಂಡೆ. ಹೊನ್ನಾಳಿಗೆ ಮರಳಿ ಆ ರಾತ್ರಿ ಗಿರಿಜಾಳ ಮನೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಮಲಗಿ, ಮರುದಿನ ಚನ್ನಗಿರಿ ಬಸ್ಸು ಹತ್ತಿದೆವು. ಹತ್ತಿಸಿದೆ ಅನ್ನಬೇಕು. ಸೊಂಟ ಕಳಕ್ಕೆಂದಿತು.

ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನವಳನ್ನು ಕೇಳಿದೆ, "ಜಾರೋ ಬಂಡೆ ಎಲ್ಲೈತ್ರಿ?" ಆಕೆ ಯೋಚನೆಯೇ ಮಾಡದೆ, "ಕೋಟೆ ಬಳಸ್ಕಂಡು ಹಿಂದಕ್ಕೆ ಹೋಗ್ರಿ" ಎಂದಳು. ಆಟೋದವನೂ ಹಾಗೆಯೇ ಹೇಳಿದ. ಊರಿಗೆ ಊರೇ ಬಲ್ಲ ಪಾರ್ಕು ಅಂತ ನನಗೆ ಗೌರವ ಹುಟ್ಟಿತು. ಇಳಿದು ನೋಡಿದರೆ ಗೇಟಿಲ್ಲ, ಬೋರ್ಡಿಲ್ಲ, ಬೆಂಚಿಲ್ಲ. ಗುಡ್ಡದ ಬುಡದಲ್ಲಿ ಮಲಗಿದ್ದ ಒಂದು ದೊಡ್ಡ ಬಂಡೆ. ಅಷ್ಟೇ.

ಅಲ್ಲಿ ನಾಲ್ಕೈದು ಮಕ್ಕಳನ್ನು ಆಡಿಸುತ್ತಿದ್ದ ಒಬ್ಬಳು ಹೆಂಗಸಿದ್ದಳು, ಹೆಸರು ಜರೀನಾ. "ಏನ್ರಿ ಇದು, ಬರೀ ಬಂಡೆ! ಜಾರೋ ಬಂಡೆ ಎಲ್ಲಿ?" ಎಂದು ಅವಳ ಮೇಲೆ ರೇಗಿದೆ.

"ಇದೇ ಅಲ್ವೇನ್ರಿ ಅಮ್ಮ? ಬಂಡೆ ಐತೆ, ಜಾರ್ತದೆ. ಇನ್ನೇನು ಇರ್ಬೇಕಾಗಿತ್ತು?"

ಜಾರೋ ಬಂಡೆ! ಹುಟ್ಟಿದಾಗಿನಿಂದ ಆಡಿದ ಮಾತು, ಅದರಲ್ಲೊಂದು ನಿಜವಾದ ಬಂಡೆ ಇದೆ ಅಂತ ಒಮ್ಮೆಯೂ ಹೊಳೆದಿರಲಿಲ್ಲ. ನೋಡಿದರೆ ಬಂಡೆಯ ನಡುವೆ ಸೀರೆಯಷ್ಟು ಅಗಲಕ್ಕೆ ನುಣುಪಾದ ದಾರಿ, ಎಷ್ಟೋ ತಲೆಮಾರಿನ ಮಕ್ಕಳ ಕುಂಡೆ ತಿಕ್ಕಿ ತಿಕ್ಕಿ ಆದದ್ದು. "ಹಾಳೆ ತಂದೀರೇನ್ರಿ? ಹಂಗೇ ಕುಂತ್ರೆ ಚಡ್ಡಿ ಹರೀತದೆ" ಎಂದಳು ಜರೀನಾ. ನಾನು ಚೀಲದಿಂದ ಅವತ್ತಿನ ಪೇಪರ್ ತೆಗೆದು ಒಂದು ಹಾಳೆ ಹರಿದು ಕೊಟ್ಟೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಅವಳು ಹೇಳಿದ್ದು ಅಡಿಕೆ ಹಾಳೆ, ಅಡಿಕೆ ಮರದಿಂದ ಸೋಗೆಯ ಜೊತೆ ಉದುರುವ ದಪ್ಪ ಪಟ್ಟೆ. ಕೆರೆಬಿಳಚಿಯ ಅಣ್ಣನ ತೋಟದಿಂದ ತಂದು ಗುಡ್ಡೆ ಹಾಕಿದ್ದಳು. ಜಗಳೂರಿನ ಬಯಲಿನವಳಿಗೆ ಹಾಳೆ ಅಂದರೆ ಬರೆಯುವ ಹಾಳೆಯೇ ತಾನೇ? ನಾನೂ ನಕ್ಕೆ.

ಅಷ್ಟರಲ್ಲಿ ಸಿರಿ ಬಂಡೆಯ ಹತ್ತಿರ ಹೋಗಿದ್ದಳು. ಮೊದಲು ಅಂಗೈಯಲ್ಲಿ ತಟ್ಟಿದಳು. ಆಮೇಲೆ ಹಿಮ್ಮಡಿಯಲ್ಲಿ ಗುದ್ದಿದಳು. ಕೊನೆಗೆ ಕಿವಿ ಇಟ್ಟಳು.

"ಅಜ್ಜಿ, ಇದು ಮುರಿಯಲ್ಲ."

"ಬಂಡೆ ಎಲ್ಲಾದರೂ ಮುರೀತದೇನೇ?"

"ಅದು ಮುರೀತು. ನಾನು ಬೀಳಲಿಲ್ಲ, ಅದೇ ಮುರೀತು. ಎಲ್ಲರೂ ನನಗೇ ಬಿದ್ದೆ ಬಿದ್ದೆ ಅಂತೀರ." ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕಡೆ ತಿರುಗಿದಳು. "ನನಗೆ ಎತ್ತರ ಅಂದ್ರೆ ಹೆದರಿಕೆ ಇಲ್ಲ. ಮುರಿಯೋದು ಅಂದ್ರೆ ಹೆದರಿಕೆ."

ಅಯ್ಯೋ ನನ್ನ ಕಂದಾ. ಪ್ಲಾಸ್ಟಿಕ್ ಕುರ್ಚಿ, ಕಬ್ಬಿಣದ ಏಣಿ, ಶಾಲೆಯ ಮೆಟ್ಟಿಲು ಎಲ್ಲ ಒಟ್ಟಿಗೇ ಅರ್ಥವಾದವು. ಮಗು ಮೊದಲ ದಿನದಿಂದ ಹೇಳಿದ್ದು ನಿಜವನ್ನೇ, ನಾವು ಅದಕ್ಕೆ ಮೀಸೆ ಹಚ್ಚಿ ನಕ್ಕಿದ್ದೆವು. ಅವಳನ್ನು ಅಪ್ಪಿಕೊಂಡು, "ಹೌದು ಸಿರಿ, ನೀನು ಬೀಳಲಿಲ್ಲ. ಅದು ಮುರೀತು" ಎಂದೆ. ಇದನ್ನು ಹೇಳಲು ದೊಡ್ಡವರೆಲ್ಲ ಸೇರಿ ಇಷ್ಟು ದಿನ ತೆಗೆದುಕೊಂಡೆವು.

ಅವಳು ಕಣ್ಣು ಒರೆಸಿಕೊಂಡು ಬಂಡೆಯ ಹಿಂದಿನ ಇಳಿಜಾರಿನಲ್ಲಿ ಮೇಲಕ್ಕೆ ನಡೆದಳು. ಜರೀನಾಳ ಮಗಳು ಹಾಳೆ ಹಾಸಿಕೊಟ್ಟಳು. ಸಿರಿ ಕೂತಳು, ಕಣ್ಣು ಮುಚ್ಚಿದಳು, ಸುಂಯ್ ಅಂತ ಬಂದು ನನ್ನ ಕಾಲ ಬುಡದಲ್ಲಿ ಮಣ್ಣಿನಲ್ಲಿ ಕೂತಳು. ಮಣ್ಣು ಕೊಡವಿಕೊಂಡು ಎದ್ದಳು. ಆಮೇಲೆ "ಇನ್ನೊಂದ್ಸಲ!" ಎಂದು ಕೂಗಿ ಓಡಿದಳು. ಎಷ್ಟು ಸಲ ಅಂತ ನಾನು ಎಣಿಸಲಿಲ್ಲ, ಕಣ್ಣು ಮಂಜಾಗಿತ್ತು. ಜರೀನಾ ಡಬ್ಬಿ ಬಿಚ್ಚಿ ನಮಗೂ ಚಿತ್ರಾನ್ನ ಹಾಕಿದಳು. ಬೇಡ ಅನ್ನುವ ಶಾಸ್ತ್ರವನ್ನೂ ನಾನು ಮಾಡಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸು ನಿಂತಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಆಮೇಲೆ ಬುದ್ಧಿ ಬಂದು, "ಗಟ್ಟಿ ಐತೇನೋ ನೋಡು, ಇದ್ರೆ ಹತ್ತು" ಎಂದೆ. ಸಿರಿ ಕಂಬಿ ಹಿಡಿದು ಜಗ್ಗಿದಳು, ನಾನು ರವಿಕೆಯ ಹೊಲಿಗೆ ಜಗ್ಗಿ ನೋಡುವ ಹಾಗೆ. ಮೆಟ್ಟಿಲನ್ನು ಕಾಲಿನಿಂದ ಗುದ್ದಿದಳು. "ಏನವ್ವಾ, ಬಸ್ಸು ಖರೀದಿ ಮಾಡ್ತೀಯೇನು? ಬೇಗ ಹತ್ತು!" ಎಂದು ಕಂಡಕ್ಟರ್ ಕೂಗಿದ. ಕೂಗಲಿ ಬಿಡಿ. ಅವಳು ಪೂರ್ತಿ ನೋಡಿ ಮುಗಿಸಿ, ತಾನೇ ಹತ್ತಿದಳು. ಶಾಲೆಯ ಮೆಟ್ಟಿಲನ್ನೂ ಹೀಗೆಯೇ ಜಗ್ಗಿ ನೋಡಲು ಬಿಡಬೇಕು ಅಂತ ಮಗಳಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ. ಅಲ್ಲಾಡಿದರೆ ರಿಪೇರಿ ಆಗಬೇಕಾದ್ದು ಮೆಟ್ಟಿಲು, ಮಗುವಲ್ಲ.

ಬಸ್ಸು ಸಂತೇಬೆನ್ನೂರಿನ ದಾರಿ ಹಿಡಿಯಿತು. ತಿರುವಿನಲ್ಲಿ ಕೋಟೆ ಗುಡ್ಡ ಒಮ್ಮೆ ಪೂರ್ತಿ ಕಂಡಿತು, ಬುಡದಲ್ಲಿ ಬಂಡೆ ಸಂಜೆಯ ಬಿಸಿಲಿಗೆ ಬೆಳ್ಳಗೆ ಹೊಳೆಯಿತು. ನನಗೆ ಗೊತ್ತಿಲ್ಲದೆಯೇ ಎರಡೂ ಕೈ ಎತ್ತಿ ಮುಗಿದೆ. ಪಕ್ಕದ ಸೀಟಿನ ಹೆಂಗಸು ಗುಡ್ಡದ ಮೇಲಿನ ರಂಗನಾಥನಿಗೆ ಅಂದುಕೊಂಡು, ತಾನೂ ಕೈ ಮುಗಿದು ಕೆನ್ನೆ ಬಡಿದುಕೊಂಡಳು. "ಬಾಳ ಸತ್ಯವುಳ್ಳ ದೇವರು ಕಣ್ರೀ" ಎಂದಳು. ಹೌದು ಎಂದೆ.