ಮಾವನವರ ಒದ್ದೆ ಬೆರಳು

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ಸುಟ್ಟುಹೋಯಿತು. ಎಣ್ಣೆಯ ಜಿಡ್ಡು ಕಮರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಗಜೇಂದ್ರಗಡದ ಅತ್ತೆಯ ಮನೆಗೆ ಹೋಗಿ ನಿಂತಿದ್ದೆ. ನೀವೂ ಬನ್ನಿ, ತಲೆ ಸ್ವಲ್ಪ ಬಗ್ಗಿಸಿ, ಬಾಗಿಲು ಗಿಡ್ಡದು.

ಅದು ಐವತ್ತರ ದಶಕ. ಊರಿಗೆ ಕರೆಂಟು ಹೊಸದು, ಮನೆಗೆ ನಾನು ಹೊಸಬಳು. ನಮ್ಮದು ನೇಕಾರರ ಮನೆ. ಅಡುಗೆಮನೆಗೂ ಮಗ್ಗಕ್ಕೂ ನಡುವೆ ಎದೆಮಟ್ಟದ ಗೋಡೆ. ಒಲೆ ಹೊತ್ತಿಸಿದರೆ ಮಗ್ಗದ ಮೇಲಿನ ಸೀರೆಗೆ ಒಗ್ಗರಣೆಯ ವಾಸನೆ, ಅತ್ತೆಗೆ ಕೆಮ್ಮು. ಅದಕ್ಕೇ ಮಾವ, ಗದಗಿನಲ್ಲಿ ಮುಚ್ಚಿದ ಖಾನಾವಳಿಯೊಂದರಿಂದ ಹಳೆಯ ಫ್ಯಾನು ತಂದು ಗೋಡೆಗೆ ಕೂರಿಸಿದ್ದರು. ನೋಡಲು ಬಂದ ಓಣಿಯ ಹೆಂಗಸರು, ಹೊಗೆಯ ಜೊತೆ ತಮ್ಮನ್ನೂ ಎಳೆದೀತೆಂದು ಸೆರಗು ಬಿಗಿಹಿಡಿದು ನಿಂತಿದ್ದರು.

ಸೊಸೆ ಮಾವನೆದುರು ಮಾತಾಡಬಾರದು ಎಂಬುದು ಆಗಿನ ರಿವಾಜು. ನನ್ನ ಬಾಯಿ ಎಂಥದೆಂದು ತವರೂರು ಅಬ್ಬಿಗೇರಿಗೆಲ್ಲ ಗೊತ್ತಿತ್ತು. "ನಾಲಿಗಿ ಇಲ್ಲೇ ಬಿಟ್ಟು ಹೋಗವಾ" ಎಂದೇ ಅವ್ವ ನನ್ನನ್ನು ಕಳಿಸಿದ್ದಳು. ಹೀಗಾಗಿ ಮಾವನಿಗೆ ಚಹಾ ಬೇಕೇ ಎಂದು ನಾನು ಪಡಸಾಲೆಯ ಕಂಬವನ್ನು ಕೇಳುತ್ತಿದ್ದೆ. ಅವರೂ ಕಂಬಕ್ಕೇ ಉತ್ತರ ಕೊಡುತ್ತಿದ್ದರು. ನಮ್ಮಿಬ್ಬರಿಂದ ಆ ಕಂಬಕ್ಕೆ ಬಿಡುವೇ ಇರಲಿಲ್ಲ.

ಒಂದು ದಿನ ಫ್ಯಾನು ಸುಟ್ಟಿತು, ಮಾವ ಇನ್ನೊಂದು ತಂದರು. ಕೂರಿಸಲು ವಾಯರಮನ್ ಗದಗಿನಿಂದ ಬರಬೇಕು. ಕಾಯುವ ಜಾಯಮಾನ ಮಾವನದಲ್ಲ.

"ದಿನಾ ಇಷ್ಟ ಎಳಿ ಜೋಡಸಾಂವಗ ಎರಡ ತಂತಿ ಯಾವ ಲೆಕ್ಕ?" ಎಂದು ಸ್ವಿಚ್ಚು ಆರಿಸಿ ಸ್ಟೂಲು ಹತ್ತಿದರು. ಎರಡು ತಂತಿಗೂ ಒಂದೇ ಕಪ್ಪು ಹೊದಿಕೆ.

"ತಡೀರಿ," ಎಂದರು ಅತ್ತೆ. "ಮಗ್ಗಕ್ಕ ಹೊಸಾ ಹಾಸು ಜೋಡಸೂಮುಂದ ಗುರುತ ಇಲ್ಲದ ಎಳಿ ಬಿಚ್ತೀರೇನ್ರಿ?"

ಅವರು ಕೊಟ್ಟ ಕೆಂಪು ಎಳೆ ಒಂದು ತಂತಿಗೆ, ಹಳದಿ ಎಳೆ ಇನ್ನೊಂದಕ್ಕೆ ಬಿತ್ತು. ಕಟ್ಟಿಗೆ ಹಿಡಿಯ ಸ್ಕ್ರೂಡ್ರೈವರಿನಿಂದ ಹಳೆಯ ಫ್ಯಾನು ಸಲೀಸಾಗಿ ಕಳಚಿತು. ಅಷ್ಟಕ್ಕೆ ಮಾವನ ಧೈರ್ಯ ಅಟ್ಟಕ್ಕೇರಿತು.

"ಕೆಂಪು ಅಂದ್ರ ಬೆಂಕಿ. ಹಳದಿ ನಮ್ಮ ಅರಿಷಿಣ, ಏನೂ ಮಾಡಂಗಿಲ್ಲ" ಎಂದು ಹಳದಿ ಕಟ್ಟಿದ ತಂತಿ ಹಿಡಿದರು. ಅದರ ತುದಿ ಕೆದರಿತ್ತು. ಎಳೆ ಕೆದರಿದರೆ ನೇಕಾರ ಏನು ಮಾಡುತ್ತಾನೆ? ಬೆರಳಿಗೆ ಉಗುಳು ಹಚ್ಚಿ ಹೊಸೆಯುತ್ತಾನೆ. ಮಾವನ ಬೆರಳು ತಾನಾಗಿಯೇ ನಾಲಿಗೆಗೆ ಹೋಯಿತು, ಅಲ್ಲಿಂದ ತಂತಿಯ ಕಡೆ ಹೊರಟಿತು.

ನಾನು ಗೋಡೆಯ ಆಚೆ ನೋಡಿದೆ. ನನ್ನ ಗಂಡ ನೇಯುತ್ತಿದ್ದ ಮಗ್ಗದ ಮೇಲಿನ ದೀಪ ಉರಿಯುತ್ತಲೇ ಇತ್ತು. "ಸ್ವಿಚ್ ನಂಬಬ್ಯಾಡ್ರಿ, ಮೇನ್ ತಗೀರಿ" ಎಂದು ವಾಯರಮನ್ ಮೊದಲ ಫ್ಯಾನು ಜೋಡಿಸಲು ಬಂದಾಗಲೇ ಹೇಳಿಹೋಗಿದ್ದ.

"ಏ! ಕೈ ತಗಿ! ಮೇನ್ ಚಾಲೂ ಐತಿ!"

ಇದನ್ನು ನಾನು ಕಂಬಕ್ಕೆ ಹೇಳಲಿಲ್ಲ.

ನನ್ನ ಗಂಡನ ಲಾಳಿ ನಿಂತಿತು. ಅತ್ತೆ ಬಾಯಿಗೆ ಸೆರಗು ಹಿಡಿದರು. ಮಾವ ಕೆಳಗಿಳಿದು, ಮೇನ್ ತೆಗೆದು, ಹೊರಗೆ ಹೋಗಿ ಕೂತರು. ನಾನು ಕಂಬದ ಹಿಂದೆ ನಿಂತು, ತವರಿಗೆ ಒಯ್ಯಬೇಕಾದ ಸೀರೆಗಳನ್ನು ಮನಸ್ಸಿನಲ್ಲೇ ಮಡಚತೊಡಗಿದೆ.

ಕೊನೆಗೆ ವಾಯರಮನ್ ಬಂದ. ಎಲ್ಲರನ್ನೂ ದೂರ ನಿಲ್ಲಿಸಿ ಮೇನ್ ಹಾಕಿದ. ಫ್ಯಾನಿನ ಸ್ವಿಚ್ಚು ಆರಿಯೇ ಇತ್ತು. ತನ್ನ ಪರೀಕ್ಷೆಯ ದೀಪದ ಒಂದು ತುದಿಯನ್ನು ಭೂಮಿಗೆ ಇಳಿಸಿದ ತಂತಿಗೆ ಹಿಡಿದ, ಇನ್ನೊಂದನ್ನು ಕೆಂಪಿಗೆ ಮುಟ್ಟಿಸಿದ. ಹತ್ತಲಿಲ್ಲ. ಹಳದಿಗೆ ಮುಟ್ಟಿಸಿದ. ಝಗ್ ಎಂದು ಹತ್ತಿತು.

"ಸ್ವಿಚ್ಚು ತಪ್ಪು ತಂತಿಗೆ ಬಿದ್ದೈತ್ರಿ," ಎಂದ. "ಆರಿಸಿದ್ರೂ ಇದರಾಗ ಜೀವ ಇರ್ತೈತಿ. ದಾರದ ಬಣ್ಣ ಕರೆಂಟಿಗೆ ಹ್ಯಾಂಗ ತಿಳೀಬೇಕ್ರಿ?"

ಮಾವ ತಮ್ಮ ಬೆರಳನ್ನೇ ನೋಡಿಕೊಂಡರು. ಆಮೇಲೆ ಅದನ್ನು ಧೋತರಕ್ಕೆ ಒರೆಸಿ, ಮೊದಲ ಬಾರಿಗೆ ನನ್ನ ಕಡೆ ತಿರುಗಿದರು.

"ಎತ್ತಿಗೆ ಗದರಿಸಿದಂಗ ಗದರಿಸಿದೆಲ್ಲವಾ! ಭಾಳ ಚಲೋ ಆತು. ಇನ್ನಮ್ಯಾಲೆ ಕಂಬಕ್ಕ ಹೇಳಬ್ಯಾಡ, ನನಗ ಹೇಳು."

ಅವತ್ತು ತೆರೆದ ಬಾಯಿಯನ್ನು ನಾನು ಇನ್ನೂ ಮುಚ್ಚಿಲ್ಲ ಎಂಬುದು ನನ್ನ ಗಂಡನ ದೂರು.

ಇವತ್ತು ಬಂದ ಎಲೆಕ್ಟ್ರಿಷಿಯನ್, "ಸ್ವಿಚ್ ಆಫ್ ಮಾಡೀನ್ರಿ ಅಮ್ಮಾರ. ಬಣ್ಣ ನೋಡಿದ್ರ ಯಾವ್ದು ಅಂತ ಗೊತ್ತಾಗತೈತಿ" ಎಂದ.

"ಮೊದಲ ಟೆಸ್ಟರ್ ಹಚ್ಚಪಾ!" ಎಂದು ಗದರಿದೆ. ಕರೆಂಟಿಲ್ಲವೆಂದು ತಾನು ನಂಬಿದ್ದ ಕಪ್ಪು ತಂತಿಗೆ ಹಚ್ಚಿದ, ಟೆಸ್ಟರ್ ಹತ್ತಿತು. ಅವನೂ ತನ್ನ ಬೆರಳನ್ನೇ ನೋಡಿಕೊಂಡ. ನಾನೇ ಹೋಗಿ ಮೇನ್ ಇಳಿಸಿ ಬಂದೆ.

ಮಾವ ಹೋಗಿ ಬಹಳ ವರ್ಷಗಳಾದವು. ಅವರನ್ನು ನೆನೆದರೆ ಬೇರೆಯವರಿಗೆ ಅಳು ಬರುತ್ತದೆ, ನನಗೆ ಮಾತು ಬರುತ್ತದೆ. ಹೊಸ ಫ್ಯಾನು ತಿರುಗಿತು, ಎಲೆಕ್ಟ್ರಿಷಿಯನ್ ಹೊರಟುಹೋದ. ಈ ಮನೆಯಲ್ಲಿರುವುದು ಸಿಮೆಂಟಿನ ಕಂಬ. ಅದರ ಕಡೆ ತಿರುಗಿ, "ಮಾವಾರ, ಫ್ಯಾನ್ ಚಾಲೂ ಆತ್ರಿ" ಎಂದೆ.