ಯಾರಿಗೂ ಹೊಟ್ಟೆ ಕೆಟ್ಟಿರಲಿಲ್ಲ

ಸಿಂಚನಾ, ನಿನ್ನ ಅಡಿಗೆ ತಿಂದು ಯಾರಿಗೂ ಹೊಟ್ಟೆ ಕೆಟ್ಟಿರಲಿಲ್ಲ. ಅದು ನಾನು ಹೇಳಿದ ಸುಳ್ಳು. ಬಾಯಿತಪ್ಪಿ ಬಂದದ್ದೂ ಅಲ್ಲ — ಇಟ್ಟಮಡುವಿನಿಂದ ಮನೆಗೆ ಬರುವ ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಕೂತು, ಏನು ಹೇಳಿದರೆ ನೀನು ಎದುರಾಡದೆ ಒಪ್ಪಿಕೊಳ್ಳುತ್ತೀಯ ಎಂದು ಯೋಚಿಸಿ ಆರಿಸಿಕೊಂಡ ಸುಳ್ಳು. ನಾಲ್ಕು ವರ್ಷ ಅದನ್ನು ನುಂಗಿಕೊಂಡು, ಪ್ರತಿ ಭಾನುವಾರ ಮಕ್ಕಳೆದುರು ನಿಂತು ಸತ್ಯ, ಸೇವೆ ಎಂದು ಭಾಷಣ ಬಿಗಿದೆ. ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಿನಗೆ ಗೊತ್ತಿರುವುದೇ, ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನಾನು ಬನಶಂಕರಿಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದವಳು. ಭಾನುವಾರದ ತಂಡ ಕಟ್ಟಿದ್ದೂ ನಾನೇ. ಮಕ್ಕಳನ್ನು ಬೆಟ್ಟ ಹತ್ತಿಸುವುದು, ಕೆರೆ ದಂಡೆಯ ಪ್ಲಾಸ್ಟಿಕ್ ಆಯಿಸುವುದು, ಗಿಡ ನೆಡಿಸಿ ನೀರು ಹಾಕಿಸುವುದು. ಟೆಂಟು, ಹಗ್ಗ, ಪಾತ್ರೆಗಳನ್ನು ಇಡಲು ಇಟ್ಟಮಡುವಿನ ನಂಜಪ್ಪನವರು ತಮ್ಮ ಶೆಡ್ ಬಿಟ್ಟುಕೊಟ್ಟಿದ್ದರು. ಹಳೇ ಊರಿನ ಕುಟುಂಬ. ಒಂದು ಕಾಲಕ್ಕೆ ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆಗಳ ಸಾಲು. ಅವರ ಮೊಮ್ಮಗ ತೇಜಸ್ ನಮ್ಮ ತಂಡದಲ್ಲಿದ್ದ. ನೀನು ಹದಿನಾಲ್ಕು ವರ್ಷದವಳಿದ್ದಾಗ ಕೆರೆ ಕೆಲಸಕ್ಕೆಂದು ಬಂದೆ. ಡಿಗ್ರಿಗೆ ಸೇರುವ ಹೊತ್ತಿಗೆ ನೀನಿಲ್ಲದೆ ನನಗೆ ಒಂದು ಕ್ಯಾಂಪನ್ನೂ ನಡೆಸಲು ಆಗುತ್ತಿರಲಿಲ್ಲ.

ಆಮೇಲೆ ಕೊರೊನಾ. ಎರಡನೇ ಅಲೆಯಲ್ಲಿ ಬೀದಿಗೆ ಬೀದಿಯೇ ಹಾಸಿಗೆ ಹಿಡಿದಾಗ ನಾವು ಶೆಡ್ಡಿನಲ್ಲಿ ಒಲೆ ಹಚ್ಚಿದೆವು. ಅಡಿಗೆ ನಿನ್ನದು. ದೊಡ್ಡ ಹುಡುಗರು ಪೊಟ್ಟಣಗಳನ್ನು ಒಯ್ದು ಮನೆಮನೆಯ ಗೇಟಿಗೆ ತಗುಲಿಸಿ ಬರುತ್ತಿದ್ದರು. ನಂಜಪ್ಪನವರ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಆ ಮನೆಯವರು ಎದ್ದು ಓಡಾಡುವವರೆಗೂ ಉಂಡದ್ದು ನೀನು ಬೇಯಿಸಿದ ಅನ್ನ, ನೀನು ಕುದಿಸಿದ ಸಾರು.

ರೋಗ ಇಳಿದ ಮೇಲೆ ತಂಡವೇ ಇಲ್ಲ. ತಂದೆತಾಯಿಯರಿಗೆ ಹೆದರಿಕೆ, ಮಕ್ಕಳಿಗೆ ಮೊಬೈಲಿನ ಗೀಳು. ಮನೆಮನೆಗೆ ಹೋಗಿ ಅಂಗಲಾಚಿ, ಬೆರಳೆಣಿಕೆಯ ಮಕ್ಕಳನ್ನು ಸೇರಿಸಿ ರಾಮನಗರದ ಕಡೆ ಬೆಟ್ಟಕ್ಕೆ ಹೊರಟೆವು. ನೀನು ಮಾಡಿದ ಪಲಾವನ್ನು ಮಕ್ಕಳು ಬೆರಳು ಚೀಪಿಕೊಂಡು ತಿಂದರು. ತೇಜಸ್ ಮೂರನೇ ಸಲ ತಟ್ಟೆ ಹಿಡಿದು ಬಂದದ್ದು ನನಗೆ ನೆನಪಿದೆ.

ಆ ವಾರವೇ ನಂಜಪ್ಪನವರು ಮನೆಗೆ ಕರೆಸಿ ಕಾಫಿ ಕೊಟ್ಟರು.

“ಆ ಹುಡುಗಿ ಯಾವ ಜನ ಅಂತ ಮೊನ್ನೆ ಗೊತ್ತಾಯ್ತು ಮೇಡಂ. ನನಗೇನಿಲ್ಲ, ಮನೇಲಿ ಹೆಂಗಸ್ರು ಒಪ್ಪಲ್ಲ. ಬೇರೆ ಏನ್ ಕೆಲಸ ಬೇಕಾದ್ರೂ ಮಾಡಿಸ್ಕೊಳ್ಳಿ. ಅಡಿಗೆ ಮಾತ್ರ ಬೇಡ. ಇನ್ನೂ ಒಂದೆರಡು ಮನೆಯವ್ರು ಇದೇ ಕೇಳ್ತಾವ್ರೆ.”

ಶೆಡ್ಡಿನ ಮಾತನ್ನು ಅವರು ಎತ್ತಲಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ. ಕಾಯಿಲೆ ಬಿದ್ದಾಗ ನೀವು ಉಂಡದ್ದು ಯಾರ ಕೈ ಅಡಿಗೆ ಅಂದುಕೊಂಡಿರಿ ಎಂದು ನಾನು ಕೇಳಬಹುದಿತ್ತು. ಲೋಟ ಕೆಳಗಿಟ್ಟು ಎದ್ದು ಬರಬಹುದಿತ್ತು. ಕಾಫಿ ಪೂರ್ತಿ ಕುಡಿದೆ. “ನೋಡ್ತೀನಿ ಸಾರ್” ಎಂದೆ.

ಮಾರನೆಯ ದಿನ ನಿನ್ನನ್ನು ಶೆಡ್ಡಿಗೆ ಕರೆಸಿದೆ. “ಕ್ಯಾಂಪಿಂದ ಬಂದ್ಮೇಲೆ ತೇಜಸ್‌ಗೆ ಹೊಟ್ಟೆ ಕೆಟ್ಟಿದೆಯಂತೆ. ಸ್ವಲ್ಪ ದಿನ ಅಡಿಗೆ ಬೇರೆಯವ್ರು ನೋಡ್ಕೊಳ್ಳಲಿ, ಸಿಂಚನಾ.”

“ಪಾತ್ರೆಯೆಲ್ಲಾ ಬಿಸಿನೀರಲ್ಲೇ ತೊಳೆದಿದ್ದೆ ಮಿಸ್…” ನಿನ್ನ ಮುಖ ಸಣ್ಣದಾಗಿತ್ತು. “ತರಕಾರಿನೂ ನಾನೇ ನೋಡಿ ತಂದಿದ್ದು.”

“ಎಲ್ಲೋ ತಪ್ಪಾಗಿರುತ್ತೆ, ಬಿಡು” ಎಂದು ಬೆನ್ನು ತಟ್ಟಿದೆ. ಬೆನ್ನು ತಟ್ಟಿದೆ! — ಎಂಥ ಹೆಂಗಸು ನಾನು.

ನೀನು ಸುಮ್ಮನೆ ಮನೆಗೆ ಹೋಗುತ್ತೀಯ ಅಂದುಕೊಂಡಿದ್ದೆ. ನೀನು ಹೋದದ್ದು ನಂಜಪ್ಪನವರ ಮನೆಗೆ, ಕ್ಷಮೆ ಕೇಳಲು. ಇದು ನನಗೆ ಗೊತ್ತಾದದ್ದು ಭಾನುವಾರ, ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾಗ.

“ಮಿಸ್, ಗೇಟ್ ಹತ್ರ ನಿಂತ್ಕೊಂಡು ತೇಜಸ್ ಅಮ್ಮಂಗೆ ಕೈ ಮುಗಿದು ಸಾರಿ ಕೇಳ್ದೆ. ಅವನಿಗೇನೂ ಆಗೇ ಇಲ್ವಂತೆ. ಅವ್ರು ನಕ್ಕುಬಿಟ್ರು ಮಿಸ್. ಮತ್ತೆ ನೀವ್ಯಾಕೆ ಹಂಗಂದ್ರಿ?”

ನಿನ್ನ ಧ್ವನಿಯಲ್ಲಿ ಸಿಟ್ಟಿತ್ತು. ಇರಲೇಬೇಕಾದ ಸಿಟ್ಟು. ಆಗಲಾದರೂ ನಾನು ನಿಜ ಹೇಳಬೇಕಿತ್ತು. ಅಷ್ಟು ಮಕ್ಕಳೆದುರು ನಾನು ಅಂದದ್ದು ಇದು: “ಲೀಡರ್ ಅಂದ್ಮೇಲೆ ಮೊದಲು ಶಿಸ್ತು ಕಲಿಬೇಕು. ಇದು ಎಲ್ಲರ ಮುಂದೆ ಕೇಳೋ ವಿಷಯ ಅಲ್ಲ.”

ನೀನು ನನ್ನನ್ನೇ ನೋಡಿದೆ. ಆಮೇಲೆ ತೇಜಸ್‌ನನ್ನು ನೋಡಿದೆ. ಅವನು ತಲೆ ತಗ್ಗಿಸಿದ. ಮನೆಯಲ್ಲಿ ಆಡಿದ ಮಾತು ಆ ಮಗುವಿನ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ.

“ಅರ್ಥ ಆಯ್ತು ಮಿಸ್” ಎಂದೆ ನೀನು. ಅಷ್ಟೇ. ಹೊರಟುಹೋದೆ. ನಾನು ಸೀಟಿ ಊದಿ ವ್ಯಾಯಾಮ ಶುರು ಮಾಡಿಸಿದೆ.

ತಂಡ ಉಳಿಯಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಬ್ಬಳು ಹೋದರೆ ಇಷ್ಟು ಮಕ್ಕಳಿಗೆ ಬೆಟ್ಟ, ಕೆರೆ ಸಿಗುತ್ತದಲ್ಲ ಎಂದೂ — ಥೂ! ಯಾವ ಬಾಯಿಂದ ಆ ಲೆಕ್ಕ ಹಾಕಿದೆನೋ. ತಂಡವೇನೋ ಉಳಿಯಿತು. ಅಡಿಗೆಗೆ ಯಾರು ನಿಲ್ಲುತ್ತಾರೆ ಎಂದು ಕೆಲವು ಮನೆಯವರು ಪ್ರತಿ ಕ್ಯಾಂಪಿಗೂ ಮುಂಚೆ ವಿಚಾರಿಸತೊಡಗಿದರು. ನಾನು ಪ್ರತಿ ಸಲವೂ ಉತ್ತರ ಕೊಟ್ಟೆ.

ಹೋದ ತಿಂಗಳು ನಂಜಪ್ಪನವರು ಶೆಡ್ ಕೆಡವಿಸಿದರು. ಫ್ಲ್ಯಾಟುಗಳು ಬರುತ್ತವಂತೆ. ಬೀಗದ ಕೈ ಕೊಡಲು ಹೋದವಳು ಅವರ ವರಾಂಡದಲ್ಲೇ ನಿಂತು ಕೊನೆಗೂ ಅಂದೆ: “ಕೊರೊನಾ ಬಂದಾಗ ನಿಮ್ಮನೆಗೆ ಅಡಿಗೆ ಮಾಡಿ ಕಳಿಸಿದ್ದು ಸಿಂಚನಾ.”

ಅವರು ಒಂಚೂರೂ ಅಳುಕಲಿಲ್ಲ. “ಆಗ ನಮಗೆ ಗೊತ್ತಿರ್ಲಿಲ್ವಲ್ಲ ಮೇಡಂ.”

ನನಗೆ ಮೈಯೆಲ್ಲ ಉರಿದುಹೋಯಿತು. ಏನೇನೋ ಕೂಗಾಡಿದೆ, ಸೊಸೆ ಹೊರಗೆ ಬಂದು ನಿಂತಳು. ಆದರೆ ಸಿಂಚನಾ, ಅವರು ತಮ್ಮ ಮನಸ್ಸಿನಲ್ಲಿದ್ದುದನ್ನು ಅಂದೂ ಆಡಿದರು, ಈಗಲೂ ಆಡಿದರು. ಅವರಿಗೆ ತಾಳ ಹಾಕಿ, ನಿನ್ನ ಕೈಯೇ ಕೊಳಕೆಂದು ನಿನ್ನನ್ನು ನಂಬಿಸಿದವಳು ನಾನು.

ಕಳೆದ ಭಾನುವಾರ ಕುಮಾರಸ್ವಾಮಿ ಲೇಔಟಿನ ಪಾರ್ಕಿನಲ್ಲಿ ಮಕ್ಕಳನ್ನೂ ಅವರ ಮನೆಯವರನ್ನೂ ಕೂರಿಸಿ ಎಲ್ಲ ಹೇಳಿದೆ. “ಹಳೇದೆಲ್ಲಾ ಈಗ್ಯಾಕೆ ಮೇಡಂ, ಮಕ್ಕಳ ಮುಂದೆ?” ಎಂದು ಒಬ್ಬ ತಾಯಿ ಸಿಡುಕಿದರು. ಇಬ್ಬರು ತಂದೆಯರು ಮಕ್ಕಳ ಕೈ ಹಿಡಿದು ಎದ್ದು ಹೋದರು. ಹೋಗಲಿ. ತಂಡ ಮುರಿದರೂ ಮುರಿಯಲಿ.

ಆಗ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿದಳು: “ಆ ಅಕ್ಕ ಈಗ ಎಲ್ಲಿದ್ದಾರೆ ಮಿಸ್?”

ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಒಮ್ಮೆಯೂ ನಾನು ವಿಚಾರಿಸಿರಲಿಲ್ಲ.

ಈಗ ವಿಚಾರಿಸಿದ್ದೇನೆ. ನೀವು ಮನೆ ಬದಲಾಯಿಸಿ ಗಿರಿನಗರಕ್ಕೆ ಹೋಗಿದ್ದೀರಂತೆ. ನಾಳೆ ಬರುತ್ತೇನೆ. ನಿನ್ನ ಅಮ್ಮನೆದುರು, ಅಕ್ಕಪಕ್ಕದವರು ಇದ್ದರೆ ಅವರೆದುರೂ, ಇದನ್ನೇ ಹೇಳುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ ನೀನು ಏನು ಬೈದರೂ ಕೇಳಿಸಿಕೊಳ್ಳುತ್ತೇನೆ. ಈ ಸಲ ಶಿಸ್ತಿನ ಮಾತು ಎತ್ತುವುದಿಲ್ಲ.