ಬೀಗರ ಊಟದ ನೀಲಿ ಟವಲು

ಕಂಪಲಾಪುರದ ನಂಜುಂಡಸ್ವಾಮಿಯ ಮನೆಯ ಹಜಾರಕ್ಕೆ ವಾಷ್ ಬೇಸಿನ್ ಬಂದದ್ದು ಕೈ ತೊಳೆಯಲಿಕ್ಕಲ್ಲ, ಬೀಗರ ಬಾಯಿ ಮುಚ್ಚಿಸಲಿಕ್ಕೆ. ಅದು ತೊಂಬತ್ತೆಂಟನೇ ಇಸವಿ. ಮಗಳು ರಮ್ಯಳನ್ನು ಚುಂಚನಕಟ್ಟೆಗೆ ಕೊಡುವ ಮಾತುಕತೆಗೆ ಬಂದಿದ್ದ ಗಂಡಿನ ತಂದೆ ಲಿಂಗಯ್ಯ, ಉಂಡೆದ್ದು ಹಿತ್ತಲ ತೆಂಗಿನ ಬುಡದಲ್ಲಿ ಕೈ ತೊಳೆಯುತ್ತಾ, ಮಳೆ ನಂಬಿದ ಹೊಗೆಸೊಪ್ಪಿನ ಸೀಮೆಯಲ್ಲೂ ಕೈ ತೊಳೆಯುವಷ್ಟು ನೀರಿದೆಯಲ್ಲ ಎಂದು ನಕ್ಕಿದ್ದ. ಚುಂಚನಕಟ್ಟೆಯ ನಾಲೆ ಬಯಲಿನವರಿಗೆ ಆ ಜಂಬ ಹುಟ್ಟಿನಿಂದಲೇ ಬಂದಿರುತ್ತದೆ. ಆದರೆ ನಂಜುಂಡಸ್ವಾಮಿಗೆ ಮಾತು ಎದೆಗೆ ನಾಟಿತು. ಮದುವೆ ಮುಗಿದು ಬೀಗರ ಊಟಕ್ಕೆ ಬಂದಾಗ ಇದೇ ಲಿಂಗಯ್ಯನ ಬಾಯಲ್ಲಿ ಹೊಗಳಿಕೆ ಬರಬೇಕು ಎಂದು ಹಟ ತೊಟ್ಟ.

ಮೈಸೂರಿನಿಂದ ತಿಳಿನೀಲಿ ಬೇಸಿನ್ ಬಂತು. ಜೊತೆಗೆ ಅದೇ ಬಣ್ಣದ ಟವಲು. ಮನೆಯವರು ಯಾರೂ ಅಲ್ಲಿ ಬಾಯಿ ಮುಕ್ಕಳಿಸುವಂತಿರಲಿಲ್ಲ. ನೋಡಲು ಬಂದ ಊರವರೆಲ್ಲ ಧಾರಾಳವಾಗಿ ಕೈ ತೊಳೆಯಬಹುದಿತ್ತು. ಸೋಪು ಹಾಕಿದರೆ ಮೆರುಗು ಹೋದೀತೆಂದು ಅವನು ದಿನಾ ಬೆಳಿಗ್ಗೆ ಅದೇ ಟವಲಿನಿಂದ ಬೇಸಿನ್ನನ್ನೂ ನಲ್ಲಿಯನ್ನೂ ಫಳಫಳ ಹೊಳೆಸಿ, ಟವಲನ್ನು ಮತ್ತೆ ಮೊಳೆಗೆ ನೇತುಹಾಕುತ್ತಿದ್ದ. ನೀರು ಇಳಿಯುವ ಜಾಲರಿಯ ಕೆಳಗೆ ಲೋಳೆ ಕಟ್ಟಿತ್ತು. ಅದು ಕಣ್ಣಿಗೆ ಬೀಳುವ ಜಾಗವಲ್ಲವಲ್ಲ.

ಟವಲನ್ನಾದರೂ ಕುದಿನೀರಿಗೆ ಹಾಕೋಣವೆಂದು ಹೆಂಡತಿ ಸುನಂದಮ್ಮ ಹೇಳಿದಾಗ ಅವನಿಗೆ ನಗು ಬಂತು.

"ತೊಳ್ದಿರೋ ಕೈನೇ ತಾನೆ ಎಲ್ಲಾರೂ ಒರಸ್ಕಳಾದು? ಅದೆಂಗೆ ಕೊಳೆ ಆಯ್ತದೆ ಏಳು" ಎಂದ.

ಬೀಗರ ಊಟದ ದಿನ ಬೆಳಿಗ್ಗೆ ಅವನ ರೆಪ್ಪೆಗಳೇ ಬಿಡಿಸಿಕೊಳ್ಳಲಿಲ್ಲ. ಊರಲ್ಲಿ ಮದ್ರಾಸ್ ಐ ಎದ್ದಿತ್ತು. ಇಷ್ಟು ದಿನ ಕಾದು ಕೋಣೆಯಲ್ಲಿ ಮಲಗುವುದುಂಟೇ? ಕೂಲಿಂಗ್ ಗ್ಲಾಸ್ ಏರಿಸಿಕೊಂಡು, ಬೇಸಿನ್ ಪಕ್ಕದಲ್ಲಿ ಕಾವಲು ನಿಂತ. ಬಾಡೂಟ ಮುಗಿಸಿ ಬಂದ ಒಬ್ಬೊಬ್ಬರಿಗೂ ತಾನೇ ನಲ್ಲಿ ತಿರುಗಿಸಿ ಕೊಟ್ಟ. ಕಣ್ಣು ಸೋರಿದಾಗಲೆಲ್ಲ ಗೋಡೆ ಕಡೆ ತಿರುಗಿ, ಕೈಗೆ ಸಿಕ್ಕ ನೀಲಿ ಟವಲಿನಿಂದಲೇ ಒರೆಸಿಕೊಂಡು, ಅದನ್ನೇ ಮುಂದಿನವರಿಗೆ ನಗುನಗುತ್ತಾ ಚಾಚಿದ. ಲಿಂಗಯ್ಯ ಮುಖವನ್ನೆಲ್ಲ ಒತ್ತಿ ಒರೆಸಿಕೊಂಡು, ಪರವಾಗಿಲ್ಲ, ಮನೆ ನೀಟಾಗಿ ಇಟ್ಟಿದ್ದೀರಿ ಎಂದ. ನಂಜುಂಡಸ್ವಾಮಿಗೆ ಸ್ವರ್ಗಕ್ಕೆ ಮೂರೇ ಗೇಣು.

ವಾರದೊಳಗೆ ಚುಂಚನಕಟ್ಟೆಯಿಂದ ರಮ್ಯ ಫೋನ್ ಮಾಡಿದಳು. ಅತ್ತೆ, ಮಾವ, ಗಂಡ, ಯಾರಿಗೂ ಕಣ್ಣು ತೆರೆಯಲಾಗುತ್ತಿಲ್ಲ. ಸೊಸೆ ತವರಿಂದ ತಂದ ಬಳುವಳಿ ಅಂತ ಕೇರಿಯವರೆಲ್ಲ ಆಡಿಕೊಂಡು ನಗುತ್ತಿದ್ದಾರೆ. ಅಷ್ಟು ಹೇಳಿ ಅತ್ತುಬಿಟ್ಟಳು. ನಂಜುಂಡಸ್ವಾಮಿಗೆ ಆಗ ಬೀಗರ ಹೊಗಳಿಕೆ ಯಾವುದೂ ನೆನಪಾಗಲಿಲ್ಲ. ಮಗಳ ಬಾಳಿಗೆ ತಾನೇ ಮಸಿ ಬಳಿದೆನಲ್ಲಾ ಎಂದು ಹಣೆ ಚಚ್ಚಿಕೊಂಡ.

ಎಲ್ಲರ ಕಣ್ಣೂ ತಿಳಿಯಾದ ಮೇಲೆ, ಹಣ್ಣಿನ ಬುಟ್ಟಿ ಹಿಡಿದು ಚುಂಚನಕಟ್ಟೆಗೆ ಹೋದ. ಲಿಂಗಯ್ಯ ಹೊಟ್ಟೆ ತುಂಬ ಊಟ ಹಾಕಿಸಿ, ಹಿತ್ತಲ ತೆಂಗಿನ ಬುಡಕ್ಕೆ ಕರೆದುಕೊಂಡು ಹೋಗಿ, ಸೋಪು ಕೊಟ್ಟು, ಚೊಂಬಿನಿಂದ ತಾನೇ ನೀರು ಹುಯ್ದ. ರಮ್ಯ ಒಗೆದು ಒಣಗಿಸಿದ ಬಿಳಿ ಟವಲನ್ನು ತಂದು, ತಲೆ ತಗ್ಗಿಸಿ ಅಪ್ಪನ ಕೈಗಿತ್ತಳು. ಅವನು ಒರೆಸಿಕೊಂಡು ವಾಪಸ್ ಚಾಚಿದ.

ಲಿಂಗಯ್ಯ ಕೈ ಹಿಂದಕ್ಕೆ ಎಳೆದುಕೊಂಡ. "ಬ್ಯಾಡಿ ಬೀಗ್ರೆ. ಅದು ನಿಮಗೇ ಅಂತ ಬ್ಯಾರೆ ಮಡಗಿದ್ದು. ಅಂಗೇ ತಗಂಡೋಗ್ಬುಡಿ."

ನೀಲಿ ಬೇಸಿನ್ನಿನ ಯಜಮಾನ ಒದ್ದೆ ಟವಲನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಕಾದು ನಿಂತ.